ಭಾನುವಾರ ಸಂಜೆ ಕೈ ಖಾಲಿ ಇರಬೇಕು ಅಂದರೆ ವಾರದ ತಯಾರಿ ಹೇಗೆ ಮಾಡಿಕೊಳ್ಳೋದು?

ಸಂಜೆಮಲ್ಲಿಗೆ, ಬೆಂಗಳೂರು

ಮನೆಯಲ್ಲಿ ನಾಲ್ಕು ಜನ. ನಾವಿಬ್ಬರೂ ಕೆಲಸಕ್ಕೆ ಹೋಗ್ತೀವಿ, ಮಗಳು ಐದನೇ ಕ್ಲಾಸು, ಅತ್ತೆ ಜೊತೆಗಿದ್ದಾರೆ. ಬೆಳಿಗ್ಗೆ 7:20ಕ್ಕೆ ಸ್ಕೂಲ್ ವ್ಯಾನ್ ಬರುವಷ್ಟರಲ್ಲಿ ತಿಂಡಿ ಆಗಿ ಮೂರು ಡಬ್ಬಿ ಕಟ್ಟಿರಬೇಕು. ಅದಕ್ಕೆ ಬೇಕಾದ್ದನ್ನೆಲ್ಲ ಭಾನುವಾರ ಮಾಡಿಡೋಕೆ ಹೊರಟರೆ ಇಡೀ ದಿನ ಅಡುಗೆಮನೆ, ಬಟ್ಟೆ, ಇಸ್ತ್ರಿಯಲ್ಲೇ ಮುಗಿದುಹೋಗುತ್ತೆ. ರಾತ್ರಿ ಹತ್ತರವರೆಗೂ ಗ್ರೈಂಡರ್ ಓಡ್ತಿರುತ್ತೆ. ಇಷ್ಟಾದರೂ ಮಂಗಳವಾರಕ್ಕೆ ಸೊಪ್ಪು ಕೊಳೆತಿರುತ್ತೆ, ಬುಧವಾರಕ್ಕೆ ಹಿಟ್ಟು ಹುಳಿ ಬಂದಿರುತ್ತೆ.

ಯಾವ ಕೆಲಸ ಶನಿವಾರಕ್ಕೆ ಹಾಕಿಕೊಳ್ಳಬೇಕು, ಯಾವುದು ಭಾನುವಾರಕ್ಕೆ? ಯಾವುದನ್ನು ಎಷ್ಟು ದಿನಕ್ಕೆ ಮಾಡಿಟ್ಟರೆ ಕೆಡಲ್ಲ? ಶನಿವಾರ ಇಬ್ಬರಿಗೂ ರಜೆ. 2 ಲೀಟರಿನ ಗ್ರೈಂಡರ್, ಮಾಮೂಲಿ ಎರಡು ಬಾಗಿಲಿನ ಫ್ರಿಜ್ ಇದೆ. ಭಾನುವಾರ ಮಧ್ಯಾಹ್ನದ ಊಟ ಆದ ಮೇಲೆ ಯಾವ ಕೆಲಸವೂ ಇರಬಾರದು, ಅದೇ ಗುರಿ.

ರುಬ್ಬುಗುಂಡು, ಮೈಸೂರು

ಮೊದಲು ಹಿಟ್ಟಿನ ಹೊತ್ತು ಗೊತ್ತುಮಾಡಿಕೊಳ್ಳಿ, ಉಳಿದ ಕೆಲಸ ಅದರ ಸುತ್ತ ತಾನಾಗಿ ಹೊಂದಿಕೊಳ್ಳುತ್ತೆ. ನೆನೆಯೋಕೆ 4ರಿಂದ 5 ಗಂಟೆ, ರುಬ್ಬೋಕೆ ಮುಕ್ಕಾಲು ಗಂಟೆ, ಉಬ್ಬೋಕೆ 8ರಿಂದ 12 ಗಂಟೆ. ಭಾನುವಾರ ನೆನೆಹಾಕಿದರೆ ರುಬ್ಬೋದು ಸಂಜೆಗೇ ಬೀಳುತ್ತೆ, ನಿಮಗೆ ಆಗ್ತಿರೋದೂ ಅದೇ. ಶನಿವಾರ ಮಧ್ಯಾಹ್ನ 1ಕ್ಕೆ ನೆನೆಹಾಕಿ, 6ಕ್ಕೆ ರುಬ್ಬಿ. ಭಾನುವಾರ ಬೆಳಿಗ್ಗೆ ಮನೆಮಂದಿಗೆಲ್ಲ ಬಿಸಿ ಇಡ್ಲಿ ಸಿಗುತ್ತೆ.

ನಾಲ್ಕು ಜನಕ್ಕೆ ಭಾನುವಾರ ಇಡ್ಲಿ, ಸೋಮವಾರ ಮತ್ತು ಬುಧವಾರ ದೋಸೆ ಅಂದರೆ ದೋಸೆ ಅಕ್ಕಿ 4 ಲೋಟ, ಉದ್ದಿನಬೇಳೆ ತುಂಬಿದ 1 ಲೋಟ ಮತ್ತು ಮೇಲೆ ಒಂದು ಹಿಡಿ, ಮೆಂತ್ಯ 1 ಚಮಚ, ತೆಳು ಅವಲಕ್ಕಿ ಅರ್ಧ ಲೋಟ. ಅವಲಕ್ಕಿಯನ್ನು ರುಬ್ಬುವ ಹತ್ತು ನಿಮಿಷ ಮುಂಚೆ ನೆನೆಸಿದರೆ ಸಾಕು. ಉದ್ದನ್ನು ಬೇರೆಯಾಗಿಯೇ, ಫ್ರಿಜ್ಜಿನ ತಣ್ಣೀರು ಸ್ವಲ್ಪ ಸ್ವಲ್ಪವೇ ಹಾಕುತ್ತಾ 25 ನಿಮಿಷ ರುಬ್ಬಿ. ಒಂದು ಬಟ್ಟಲು ನೀರಿಗೆ ಚೂರು ಹಿಟ್ಟು ಬಿಟ್ಟರೆ ತೇಲಬೇಕು. ಮುಳುಗಿದರೆ ಗಾಳಿ ಇನ್ನೂ ಸೇರಿಲ್ಲ, ಇನ್ನೈದು ನಿಮಿಷ ಬಿಡಿ. ಅಕ್ಕಿ ಸಣ್ಣ ರವೆಯ ಹದಕ್ಕೆ ಬಂದರೆ ನಿಲ್ಲಿಸಿ. ಎರಡನ್ನೂ ಕೈಯಲ್ಲೇ ಬೆರೆಸಿ.

ಬುಧವಾರದ ಹುಳಿಗೆ ಕಾರಣ ಏನೆಂದರೆ, ಪೂರ್ತಿ ಹಿಟ್ಟನ್ನು ಒಟ್ಟಿಗೆ ಉಬ್ಬಿಸಿ ಆಮೇಲೆ ಫ್ರಿಜ್ಜಿಗೆ ಇಡ್ತೀರಿ. ಉಬ್ಬಿದ ಹಿಟ್ಟು ಫ್ರಿಜ್ಜಿನಲ್ಲೂ ನಿಧಾನವಾಗಿ ಹುಳಿಯುತ್ತಲೇ ಇರುತ್ತೆ, ದಿನಕ್ಕೆರಡು ಸಲ ಹೊರಗೆ ತೆಗೆದು ಸೌಟು ಆಡಿಸಿದರೆ ಇನ್ನೂ ಬೇಗ. ರುಬ್ಬಿದ ಕೂಡಲೇ ಬುಧವಾರದ ಪಾಲನ್ನು, ಅಂದರೆ ಮೂರರಲ್ಲಿ ಒಂದು ಭಾಗವನ್ನು, ಉಪ್ಪು ಹಾಕದೆ ಬೇರೆ ಡಬ್ಬಿಗೆ ತೆಗೆದು ಫ್ರಿಜ್ಜಿನ ಕೆಳಗಿನ ಅರೆಯ ಹಿಂಭಾಗಕ್ಕೆ ತಳ್ಳಿಬಿಡಿ. ಮಂಗಳವಾರ ಸಂಜೆ 6ರ ಹೊತ್ತಿಗೆ ಹೊರಗಿಟ್ಟರೆ ಬುಧವಾರ ಬೆಳಿಗ್ಗೆ ಹೊಸ ಹಿಟ್ಟಿನ ಹಾಗೇ ಉಬ್ಬಿರುತ್ತೆ. ತಣ್ಣಗಿರುವ ಹಿಟ್ಟು ಶುರುವಾಗೋಕೆ ಒಂದೆರಡು ಗಂಟೆ ಹೆಚ್ಚು ಬೇಕು, ಅದಕ್ಕೇ ರಾತ್ರಿ ಹತ್ತಕ್ಕೆ ತೆಗೆದರೆ ಆಗಲ್ಲ. ಡಬ್ಬಿ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಉಕ್ಕಿ ಕಟ್ಟೆಯೆಲ್ಲ ಹರಿಯುತ್ತೆ. ಸೋಮವಾರ ಮಿಕ್ಕಿದ್ದು ಗುರುವಾರಕ್ಕೆ ಹುಳಿ ಎನಿಸಿದರೆ ಈರುಳ್ಳಿ, ಹಸಿಮೆಣಸು, ಎರಡು ಚಮಚ ಚಿರೋಟಿ ರವೆ ಸೇರಿಸಿ ಪಡ್ಡು ಹಾಕಿ. ಪಡ್ಡುವಿಗೆ ಆ ಹುಳಿ ಚೆನ್ನಾಗಿಯೇ ಇರುತ್ತೆ.

ಬಟ್ಟೆ ಶನಿವಾರ ಬೆಳಿಗ್ಗೆ ಏಳಕ್ಕೇ ಮೆಷಿನ್ನಿಗೆ ಹೋಗಲಿ, ಯೂನಿಫಾರಂ ಮೊದಲನೇ ಪಾಳಿ. ಎಷ್ಟೋ ಕಡೆ ಇಸ್ತ್ರಿ ಅಂಗಡಿ ಭಾನುವಾರ ತೆಗೆಯಲ್ಲ, ಶನಿವಾರ ಸಂಜೆ ಕೊಟ್ಟರೆ ಸೋಮವಾರ ರಾತ್ರಿಗೇ ಕೈಗೆ ಬರೋದು. ಹಾಗಾಗಿ ಸೋಮವಾರದ ಒಂದು ಜೊತೆ ಮಾತ್ರ ಮನೆಯಲ್ಲೇ ಇಸ್ತ್ರಿ ಮಾಡಿ, ಮಿಕ್ಕಿದ್ದು ಅಂಗಡಿಗೆ ಹಾಕಿ.

ಇನ್ನೊಂದು ಮಾತು. ಐದು ದಿನಕ್ಕೂ ಮಾಡಿಡಬೇಡಿ. ಬುಧವಾರದವರೆಗೆ ಮಾತ್ರ ಸಾಕು, ಬುಧವಾರ ಸಂಜೆ ಅರ್ಧ ಗಂಟೆ ಕೂತರೆ ಗುರುವಾರ, ಶುಕ್ರವಾರ ಸಾಗುತ್ತೆ. ವಾರ ಪೂರ್ತಿಗೆ ಹೆಚ್ಚಿಟ್ಟ ತರಕಾರಿಯಲ್ಲಿ ಗುರುವಾರದ ಪಾಲು ಹೆಚ್ಚುಕಮ್ಮಿ ಕಸದ ಬುಟ್ಟಿಗೇ ಹೋಗುತ್ತೆ.

ಹಿತ್ತಲಬಸಳೆ, ಉಡುಪಿ

ಸೊಪ್ಪು ಕೊಳೆಯೋದು ನೀರಿನಿಂದ ಮಾರಾಯ್ರೆ. ತೊಳೆದು ಇಟ್ಟರೆ ಎಲೆ ಸಂದಿಯಲ್ಲಿ ನಿಂತ ನೀರೇ ಎರಡು ದಿನಕ್ಕೆ ಲೋಳೆ ಮಾಡುತ್ತದೆ. ತಂದ ಕೂಡಲೇ ಕಟ್ಟು ಬಿಚ್ಚಿ, ಹಳದಿ ಎಲೆ ಮತ್ತು ಬೇರು ತೆಗೆದು, ತೊಳೆಯದೆ ಒಣ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ತರಕಾರಿ ಡ್ರಾಯರ್‌ನಲ್ಲಿಡಿ. ಬೇಯಿಸುವ ಮುಂಚೆ ತೊಳೆದರಾಯಿತು. ಹೀಗಿಟ್ಟರೆ ದಂಟು, ಪಾಲಕ್, ಮೆಂತ್ಯ 3 ದಿನ ಧಾರಾಳ ಬರುತ್ತದೆ, ಕೊತ್ತಂಬರಿ ಒಂದು ವಾರ. ಬಟ್ಟೆ ಒದ್ದೆ ಅನಿಸಿದರೆ ಬದಲಿಸಿ. ಸೊಪ್ಪಿನ ಪಲ್ಯ, ಹುಳಿ ಸೋಮವಾರ ಮತ್ತು ಮಂಗಳವಾರಕ್ಕೆ, ಕ್ಯಾರೆಟ್, ಬೀನ್ಸ್, ಎಲೆಕೋಸು ಬುಧವಾರದ ಮೇಲೆ ಅಂತ ಮೊದಲೇ ಗೊತ್ತುಮಾಡಿಕೊಂಡರೆ ಪೇಟೆಯಲ್ಲೂ ಯೋಚನೆ ಕಮ್ಮಿ.

ತೆಂಗಿನಕಾಯಿ ಬೆಳಿಗ್ಗೆ ತುರಿಯುವ ಕೆಲಸ ಇಟ್ಟುಕೊಳ್ಳಲೇಬೇಡಿ. ಶನಿವಾರ ಎರಡು ಕಾಯಿ ತುರಿದು, ಒಂದೊಂದು ಹೊತ್ತಿಗೆ ಬೇಕಾಗುವ ಅರ್ಧ ಬಟ್ಟಲಿನಂತೆ ಸಣ್ಣ ಕವರಿಗೆ ಹಾಕಿ, ಕೈಯಲ್ಲಿ ಒತ್ತಿ ಚಪ್ಪಟೆ ಮಾಡಿ ಫ್ರೀಜರಿನಲ್ಲಿಡಿ. ಉಂಡೆ ಕಟ್ಟಿಟ್ಟರೆ ಬೆಳಿಗ್ಗೆ ಕಲ್ಲಾಗಿರುತ್ತದೆ, ಚಪ್ಪಟೆ ಆದರೆ ಕೈಯಲ್ಲೇ ಮುರಿಯಬಹುದು. ಹಾಗೇ ಫ್ರಿಜ್ಜಿನ ಕೆಳಗಿಟ್ಟ ತುರಿ ಎರಡು ಮೂರು ದಿನಕ್ಕೇ ಕಮಟು ವಾಸನೆ ಬರುತ್ತದೆ. ಚಟ್ನಿ ರುಬ್ಬುವಾಗ ಫ್ರೀಜರಿನ ತುರಿಗೆ ಉಗುರುಬೆಚ್ಚಗಿನ ನೀರು ಹಾಕಿ. ತಣ್ಣೀರು ಹಾಕಿದರೆ ಕಾಯಿಯ ಜಿಡ್ಡು ಗಟ್ಟಿಯಾಗಿ ಬಿಳಿ ಬಿಳಿ ಚೂರಾಗಿ ಬೇರೆಯಾಗುತ್ತದೆ, ಆಮೇಲೆ ಎಷ್ಟು ರುಬ್ಬಿದರೂ ಚಟ್ನಿ ನುಣ್ಣಗಾಗುವುದಿಲ್ಲ.

ಬೇಯಿಸಿದ ತೊಗರಿಬೇಳೆ ಭಾನುವಾರ ಇಟ್ಟರೆ ಮಂಗಳವಾರದವರೆಗೆ, ಅದಕ್ಕೆ ಹೆಚ್ಚಲ್ಲ. ಆದರೆ ಅನ್ನ ಮಾತ್ರ ವಾರಕ್ಕೆ ಮಾಡಿಡುವ ಪದ್ಧತಿ ಬೇಡವೇ ಬೇಡ. ಅನ್ನದಲ್ಲಿ ಬೇಯಿಸಿದರೂ ಸಾಯದ ಒಂದು ಬ್ಯಾಕ್ಟೀರಿಯಾ ಬೀಜ ಉಳಿಯುತ್ತದೆ, ಅನ್ನ ಬೆಚ್ಚಗೆ ಗಂಟೆಗಟ್ಟಲೆ ಹೊರಗಿದ್ದರೆ ಅದು ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಗುವಿನ ಡಬ್ಬಿಗಂತೂ ಆ ಬೆಳಗಿನ ಅನ್ನವೇ ಆಗಲಿ. ಅಕ್ಕಿ ತೊಳೆದು ಕುಕ್ಕರಿನಲ್ಲಿಟ್ಟರೆ ಅದೇನು ಇಪ್ಪತ್ತು ನಿಮಿಷದ ಕೆಲಸ.

ಬಿಳಿಜೋಳ, ಧಾರವಾಡ

ಸಂಜೆಮಲ್ಲಿಗೆ ಅಕ್ಕಾರ, ದಿನಾ ಮುಂಜಾನೆ ಚಟ್ನಿ ರುಬ್ಬಾದು ಯಾಕ್ ಬೇಕ್ರಿ? ಎರಡು ಥರದ ಹಿಂಡಿ, ಅಂದ್ರ ಚಟ್ನಿಪುಡಿ, ಮಾಡಿ ಇಟ್ಟರ ತಿಂಗಳ ತನಕ ಚಿಂತಿಲ್ಲ. ಶೇಂಗಾ ಹಿಂಡಿಗೆ ಶೇಂಗಾ ಕಾಲು ಕಿಲೋ, ಬಳ್ಳೊಳ್ಳಿ 12 ಎಸಳು, ಕೆಂಪು ಖಾರದ ಪುಡಿ 2 ದೊಡ್ಡ ಚಮಚ, ಜೀರಿಗಿ 1 ಸಣ್ಣ ಚಮಚ, ಉಪ್ಪು. ಶೇಂಗಾ ಸಣ್ಣ ಉರಿ ಮ್ಯಾಲ 12-15 ನಿಮಿಷ ಹುರೀರಿ, ಜೋರ್ ಉರಿ ಇಟ್ಟರ ಮ್ಯಾಲಿನ ಸಿಪ್ಪಿ ಕರ್‍ರಗಾಗ್ತದ, ಒಳಗ ಹಸೀನ ಇರ್ತದ. ಪೂರ್ತಿ ಆರಿದ ಮ್ಯಾಲ ಸಿಪ್ಪಿ ತಿಕ್ಕಿ ತಗೀರಿ. ಒಳಕಲ್ಲಾಗ ಕುಟ್ಟಿದರ ಭಾಳ ಚಲೋ. ಮಿಕ್ಸಿ ಆದರ ಒಂದೊಂದು ಸೆಕೆಂಡ್ ತಿರುಗಿಸಿ ನಿಲ್ಲಿಸ್ರಿ. ಒಂದೇ ಸಮ ಬಿಟ್ಟರ ಬಿಸಿಗೆ ಎಣ್ಣಿ ಬಿಟ್ಟು ಮುದ್ದಿ ಆಗ್ತದ, ಹಿಂಡಿ ಆಗಂಗಿಲ್ಲ. ಅಗಸಿ ಹಿಂಡಿಗೂ ಇದೇ ಲೆಕ್ಕ, ಅಗಸಿ ಚಟಪಟ ಅನ್ನಾದು ನಿಂತ ಕೂಡಲೇ ಇಳಿಸ್ರಿ, ಇಲ್ಲಂದ್ರ ಕಹಿ.

ಕಡಕ್ ರೊಟ್ಟಿ ಒಂದ್ ಕಟ್ಟ ತಂದಿಟ್ಟರ ಸುಸ್ತಾದ ದಿನ ರಾತ್ರಿ ಒಲಿ ಹಚ್ಚೂ ಕೆಲಸಾನ ಇಲ್ಲ. ರೊಟ್ಟಿ, ಹಿಂಡಿ, ಗಟ್ಟಿ ಮೊಸರು, ಉಳ್ಳಾಗಡ್ಡಿ ಇದ್ದರ ಊಟ ಆತು. ಹಸಿ ಕೈ ಮುಟ್ಟಸಬ್ಯಾಡ್ರಿ, ಒಂದ್ ರೊಟ್ಟಿಗೆ ಥಂಡಿ ಹಿಡದ್ರ ಪೂರಾ ಕಟ್ಟಿಗೇ ಬೂಷ್ಟು ಬರ್ತದ.

ಸಂಜೆಮಲ್ಲಿಗೆ, ಬೆಂಗಳೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಿಟ್ಟಿನ ಪಾಲು ಮೊದಲೇ ಬೇರೆ ಮಾಡಿಡೋದು ಗೊತ್ತೇ ಇರಲಿಲ್ಲ. ಇನ್ನೆರಡು ಕೇಳ್ಬೇಕು. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಹಿಟ್ಟು ಉಬ್ಬೋದೇ ಇಲ್ಲ, ಆಗ ಏನು ಮಾಡೋದು? ಮತ್ತೆ, ಕೆಲಸ ಬೇಗ ಮುಗಿದ ಭಾನುವಾರವೂ ರಾತ್ರಿ 12ರವರೆಗೆ ನಿದ್ದೆ ಹತ್ತಲ್ಲ, ಸೋಮವಾರ ತಲೆಭಾರ. ಅತ್ತೆ ಎಣ್ಣೆಸ್ನಾನ ಮಾಡಿ ಅಂತಾರೆ, ಆದರೆ ಭಾನುವಾರ ಬೇಡವಂತೆ.

ಅಗಸೆಮರ, ಮ್ಯೂನಿಕ್

ಚಳಿಗೆ: ಓವನ್ ಇದ್ದರೆ ಅದನ್ನು ಉರಿಸದೆ ಒಳಗಿನ ದೀಪ ಮಾತ್ರ ಹಾಕಿ ಪಾತ್ರೆ ಇಡಿ, ಆ ಬಿಸಿಯೇ ಸಾಕು. ಇಲ್ಲದಿದ್ದರೆ ದೊಡ್ಡ ಪಾತ್ರೆಯಲ್ಲಿ ಕೈ ಇಟ್ಟರೆ ಹಿತವಾಗಿರುವಷ್ಟು ಬಿಸಿನೀರು ಹಾಕಿ, ಹಿಟ್ಟಿನ ಪಾತ್ರೆ ಅದರೊಳಗೆ ಕೂರಿಸಿ, ಮೇಲೆ ದಪ್ಪ ಟವೆಲ್ ಹೊದಿಸಿ. ಕುದಿಯುವ ನೀರು ಬೇಡ, ತಳದ ಹಿಟ್ಟು ಬೆಂದುಹೋಗುತ್ತೆ. ಉಪ್ಪು ಉಬ್ಬುವಿಕೆಯನ್ನು ನಿಧಾನ ಮಾಡುತ್ತೆ, ಚಳಿಗಾಲದಲ್ಲಿ ಬೆಳಿಗ್ಗೆಯೇ ಹಾಕಿ. ಇಷ್ಟಾದರೂ ಉಬ್ಬದಿದ್ದರೆ ಉದ್ದು ಹಳೆಯದಿರಬಹುದು. 14-16 ಗಂಟೆ ಹಿಡಿಯಬಹುದು ಅಂತ ಲೆಕ್ಕ ಹಾಕಿ ಶನಿವಾರ ಬೆಳಿಗ್ಗೆ 10ಕ್ಕೇ ನೆನೆಹಾಕಿಬಿಡಿ. ಇಲ್ಲಿ ಭಾನುವಾರ ಅಂಗಡಿಗಳೇ ತೆರೆಯಲ್ಲ, ಹಾಗಾಗಿ ಸಾಮಾನು ತರೋದು, ರುಬ್ಬೋದು ಎಲ್ಲ ಶನಿವಾರವೇ ಆಗಬೇಕು. ಆ ಕಟ್ಟು ಮನೆಯೊಳಗೂ ಹಾಕಿಕೊಂಡರೆ ಒಳ್ಳೆಯದೇ.

ಮುಂಜಾವು, ಶಿವಮೊಗ್ಗ

ಭಾನುವಾರ ರಾತ್ರಿಯ ನಿದ್ದೆ ಕೆಡೋದು ಭಾನುವಾರ ಬೆಳಿಗ್ಗೆಯೇ. ವಾರವೆಲ್ಲ 5:30ಕ್ಕೆ ಏಳುವವರು ಶನಿವಾರ, ಭಾನುವಾರ 8:30ಕ್ಕೆ ಎದ್ದರೆ ದೇಹದ ಗಡಿಯಾರ ಹಿಂದಕ್ಕೆ ಸರಿಯುತ್ತೆ. ಆ ರಾತ್ರಿ 10 ಗಂಟೆ ಅಂದರೆ ದೇಹಕ್ಕೆ ಇನ್ನೂ ಹೊತ್ತಾಗಿಲ್ಲ. ರಜೆಯ ದಿನ ಒಂದು ಗಂಟೆ ಹೆಚ್ಚು ಮಲಗಿ, 6:30 ದಾಟಿಸಬೇಡಿ, ಎದ್ದವರು ಅರ್ಧ ಗಂಟೆಯಾದರೂ ಬಾಲ್ಕನಿಯ ಬೆಳಕಿನಲ್ಲಿರಿ. ಸಾಲದ ನಿದ್ದೆಯನ್ನು ಮಧ್ಯಾಹ್ನ ತೀರಿಸಿಕೊಳ್ಳಿ, 25 ನಿಮಿಷಕ್ಕೆ ಅಲಾರಂ ಇಟ್ಟು, 3 ಗಂಟೆಯೊಳಗೆ. ಊಟ ಮಾಡಿ ಎರಡು ಗಂಟೆ ಮಲಗಿ ಐದಕ್ಕೆ ಎದ್ದು ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿದರೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯೋಕೇ ಸುಮಾರು 5 ಗಂಟೆ ಬೇಕು. ಭಾನುವಾರದ ಕೊನೆಯ ಕಾಫಿ 2ಕ್ಕೆ ಮುಗಿಯಲಿ, ಸಂಜೆಗೆ ಕಷಾಯವೋ ಬಿಸಿ ಹಾಲೋ ಇರಲಿ.

ಆಫೀಸಿನ ಯೋಚನೆ ಭಾನುವಾರ ರಾತ್ರಿ ಬರೋದನ್ನು ಶುಕ್ರವಾರವೇ ತಡೆಯಬೇಕು. ಹೊರಡುವ ಮುಂಚೆ 15 ನಿಮಿಷ ಕೂತು ಅರ್ಧಕ್ಕೆ ನಿಂತ ಕೆಲಸಗಳನ್ನು, ಪ್ರತಿಯೊಂದರ ಮುಂದಿನ ಹೆಜ್ಜೆ ಸಮೇತ, ಕಾಗದದಲ್ಲಿ ಬರೆದು ಮೇಜಿನ ಮೇಲೇ ಬಿಟ್ಟು ಬನ್ನಿ. 'ವರದಿ' ಅಂತ ಬರೆದರೆ ತಲೆ ಬಿಡಲ್ಲ. 'ವರದಿಯ ಮೂರನೇ ಪಟ್ಟಿಗೆ ಮಾರ್ಚ್ ಅಂಕಿ ಸೇರಿಸೋದು' ಅಂತ ಬರೆಯಿರಿ.

ಎಣ್ಣೆಸ್ನಾನದ ವಿಷಯದಲ್ಲಿ ಅತ್ತೆಯವರು ಹೇಳೋದು ಹಳೇ ರೂಢಿ. ಗಂಡಸರಿಗೆ ಬುಧವಾರ, ಶನಿವಾರ, ಹೆಂಗಸರಿಗೆ ಮಂಗಳವಾರ, ಶುಕ್ರವಾರ. ಕೆಲಸಕ್ಕೆ ಹೋಗುವವರಿಗೆ ಮಂಗಳವಾರ ಸಾಧ್ಯವಿಲ್ಲ, ಅವರನ್ನೇ ಕೇಳಿ ಶನಿವಾರಕ್ಕೆ ಒಪ್ಪಿಸಿಕೊಳ್ಳಿ. ಬಟ್ಟೆ ಮೆಷಿನ್ನಿನಲ್ಲಿರುವ ಹೊತ್ತಿಗೇ ಆಗಿಬಿಡುತ್ತೆ. ಹರಳೆಣ್ಣೆ ಒಂದೇ ಆದರೆ ಅಂಟು, ತೊಳೆದರೂ ಹೋಗಲ್ಲ. ಒಂದು ಪಾಲು ಹರಳೆಣ್ಣೆಗೆ ಎರಡು ಪಾಲು ಕೊಬ್ಬರಿ ಎಣ್ಣೆ ಸೇರಿಸಿ, ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ. ತಲೆ, ಅಂಗಾಲು, ಕೀಲುಗಳಿಗೆ ತಿಕ್ಕಿ 30-40 ನಿಮಿಷ ಬಿಡಿ. ಸೀಗೆಪುಡಿ ಮತ್ತು ಕಡಲೆಹಿಟ್ಟು ಸಮ ಸೇರಿಸಿ ಬಿಸಿನೀರಲ್ಲಿ ಕಲಸಿ ತೊಳೆಯಿರಿ. ಮಗಳಿಗೆ ಕಣ್ಣಿಗೆ ಬಟ್ಟೆ ಕಟ್ಟಿ, ಸೀಗೆ ಬಿದ್ದರೆ ತುಂಬಾ ಉರಿಯುತ್ತೆ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಹಳೇ ಗೋಣಿಚೀಲ ಹಾಸಿ. ಎಣ್ಣೆ ಕಾಲಿಗೆ ಟೈಲ್ಸ್ ಜಾರುತ್ತೆ, ವಯಸ್ಸಾದವರಿರುವ ಮನೆ. ನೆಗಡಿ, ಜ್ವರ ಇದ್ದ ವಾರ ಬಿಟ್ಟುಬಿಡಿ. ಸ್ನಾನದ ನಂತರ ಜೋಂಪು ಹತ್ತುತ್ತೆ, ಆಗ ಗಾಡಿ ತೆಗೆದುಕೊಂಡು ತರಕಾರಿಗೆ ಹೋಗಬೇಡಿ. ಪೇಟೆ ಕೆಲಸ ಅದಕ್ಕೂ ಮುಂಚೆಯೇ ಮುಗಿದಿರಲಿ.