ರಶ್ಮಿ, ಕಾರಿನ ಮೇಲೆ ಸೂಟ್‌ಕೇಸ್ ಕಟ್ಟುವ ಮುಂಚೆ ಇದನ್ನು ಪೂರ್ತಿ ಕೇಳು

ರಶ್ಮಿ, ನಾನು ದೊಡ್ಡಮ್ಮ. ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ ಮೆಸೇಜ್ ಈಗ ನೋಡಿದೆ. ರಜಕ್ಕೆ ಆರು ಜನ ಹೊರಟಿದ್ದೀರಿ, ಮಗುವಿನ ಸಾಮಾನಿಗೇ ಅರ್ಧ ಡಿಕ್ಕಿ ಹೋಯಿತು, ಉಳಿದ ಎರಡು ಸೂಟ್‌ಕೇಸನ್ನು ಕಾರಿನ ಮೇಲೆ ಹಗ್ಗ ಹಾಕಿ ಕಟ್ಟಿದರೆ ಆಯಿತು ಅಂತ ಕಿರಣ ಹೇಳುತ್ತಿದ್ದಾನೆ, ನನಗೆ ಯಾಕೋ ಭಯ, ಗೊತ್ತಿರುವವರು ಹೇಳಿ ಅಂತ ಕೇಳಿದ್ದೀಯ. ಅದರ ಕೆಳಗೆ ನಾಲ್ಕೈದು ಹೆಬ್ಬೆಟ್ಟು ಬಂದಿವೆ. ಸತೀಶ "ಏನೂ ಆಗಲ್ಲ ಕಟ್ಟಿ" ಅಂತ ಬರೆದಿದ್ದಾನೆ. ನಮ್ಮ ಕಾರಿನ ಮೇಲಿಂದ ಪೆಟ್ಟಿಗೆ ಹಾರಿಹೋದಾಗ ಸತೀಶ ಹುಟ್ಟಿಯೇ ಇರಲಿಲ್ಲ. ಅವನಿಗೇನು ಗೊತ್ತು?

ನಿನ್ನ ಭಯ ಸರಿಯಾಗಿದೆ ಕಣಮ್ಮ. ಯಾರು ಏನೇ ಹೇಳಲಿ, ಸಾಮಾನಿನ ಮುಂಭಾಗವನ್ನು ಬಾನೆಟ್ಟಿನ ಕಡೆಗೆ ಬಿಗಿಯಾಗಿ ಕಟ್ಟದೆ ಕಾರಿನ ಮೇಲೆ ಒಂದು ದಿಂಬನ್ನೂ ಇಟ್ಟುಕೊಂಡು ಹೊರಡಬೇಡಿ. ಕಿರಣನಿಗೂ ಇದನ್ನು ಕೇಳಿಸು.

ದೊಡ್ಡ ಭಾವನವರ ಹಳೇ ಕಾರು ನಿಮಗೆಲ್ಲ ನೆನಪಿದೆ ಅಲ್ವಾ. ಮೇಲೆ ಕಬ್ಬಿಣದ ಕ್ಯಾರಿಯರ್ ಇತ್ತಲ್ಲ, ಅದೇ. ಆ ಸಲ ರಜಕ್ಕೆ ಹೊರಟಾಗ ನಿಮ್ಮ ದೊಡ್ಡಪ್ಪನಿಗೆ ರಜೆ ಸಿಕ್ಕಿರಲಿಲ್ಲ, ಅವರು ಬರಲಿಲ್ಲ. ಭಾವ ಓಡಿಸುತ್ತಿದ್ದರು, ಪಕ್ಕದಲ್ಲಿ ನಿನ್ನ ಅಪ್ಪ. ಹಿಂದೆ ಅಕ್ಕ, ನಾನು, ಮಕ್ಕಳು. ಮಕ್ಕಳು ಒಬ್ಬರ ತೊಡೆ ಮೇಲೆ ಇನ್ನೊಬ್ಬರು. ಆಗ ಬೆಲ್ಟ್ ಗಿಲ್ಟ್ ಅಂತ ಯಾರೂ ಕೇಳುತ್ತಿರಲಿಲ್ಲ. ಮೇಲೆ ಹಾಸಿಗೆ ಸುರುಳಿ, ಎರಡು ಚೀಲ, ಅವುಗಳ ಮೇಲೆ ನನ್ನ ನೀಲಿ ಸೂಟ್‌ಕೇಸ್. ಎಲ್ಲದಕ್ಕೂ ಸೇರಿಸಿ ಒಂದು ಟಾರ್ಪಾಲ್ ಹೊದಿಸಿ, ನಿನ್ನ ಅಪ್ಪನೇ ನೈಲಾನ್ ಹಗ್ಗ ಬಿಗಿದದ್ದು. ಅವನು ಆಗ ಹುಡುಗ. ಕಾಲು ಕೊಟ್ಟು ಎಳೆದು ಗಟ್ಟಿಯಾಗಿಯೇ ಕಟ್ಟಿದ್ದ. ನಾನೇ ಕಣ್ಣಾರೆ ನೋಡಿದ್ದೇನೆ.

ಆದರೆ ಹಗ್ಗವನ್ನು ಆ ಪಕ್ಕದಿಂದ ಈ ಪಕ್ಕಕ್ಕೆ ಮಾತ್ರ ಎಳೆದಿದ್ದ. ಮುಂದುಗಡೆ ಬಾನೆಟ್ಟಿನ ಕಡೆಗೆ ಒಂದು ಎಳೆಯೂ ಇರಲಿಲ್ಲ. ದಾರಿಯಲ್ಲಿ ಒಂದು ಮಳೆಯೂ ಬಂತು. ನೈಲಾನ್ ನೆನೆದರೆ ಹಿಗ್ಗುತ್ತದೆ. ಮನೆ ಮುಂದೆ ವೀಣೆ ತಂತಿಯ ಹಾಗೆ ಬಿಗಿಯಾಗಿದ್ದ ಹಗ್ಗ ಮಳೆ ನಿಲ್ಲುವಷ್ಟರಲ್ಲಿ ಸಡಿಲವಾಗಿತ್ತು. ಒಳಗೆ ಕುಳಿತವರಿಗೆ ಅದು ಹೇಗೆ ಗೊತ್ತಾಗಬೇಕು?

ನನಗೆ ಗೊತ್ತಾದದ್ದು ನೆರಳಿನಿಂದ. ಸಂಜೆ ಬಿಸಿಲು ಬಂದಿತ್ತು. ನನ್ನ ಕಿಟಕಿಯ ಕಡೆ ರಸ್ತೆ ಬದಿಯಲ್ಲಿ ನಮ್ಮ ಕಾರಿನ ನೆರಳು ಉದ್ದಕ್ಕೆ ಬೀಳುತ್ತಿತ್ತು. ಅದರ ತಲೆಯ ಮೇಲೆ ಏನೋ ಎದ್ದು ಕೂರುತ್ತಿತ್ತು, ಮತ್ತೆ ಮಲಗುತ್ತಿತ್ತು. ಟಾರ್ಪಾಲಿನ ಮುಂದಿನ ಅಂಚು. ಗಾಳಿ ಒಳಗೆ ನುಗ್ಗಿ ಅದನ್ನು ಉಬ್ಬಿಸುತ್ತಿತ್ತು. ಪಟಪಟ ಅಂತ ಸದ್ದು ಬೇರೆ. ನಾನು ಹೇಳಿದೆ, ಭಾವ, ಸ್ವಲ್ಪ ನಿಲ್ಲಿಸಿ, ಮೇಲೆ ಏನೋ ಬಿಚ್ಚಿಕೊಂಡಿದೆ ಅಂತ. ಇನ್ನು ಹತ್ತೇ ನಿಮಿಷ, ಮುಂದೆ ಕಾಫಿಗೆ ನಿಲ್ಲಿಸುತ್ತೇವಲ್ಲ, ಆಗ ನೋಡೋಣ ಅಂದರು. ಮತ್ತೆ ಹೇಳಿದೆ. ಅಕ್ಕ ನನ್ನ ಕೈ ಅದುಮಿದಳು, ಸುಮ್ನಿರು ಅಂತ.

ಆ ಹತ್ತು ನಿಮಿಷ ಆಗಲೇ ಇಲ್ಲ. ಮೇಲೆ ಧಡ್ ಅಂತ ಒಂದು ಸದ್ದು, ಆಮೇಲೆ ಕಾರು ಇದ್ದಕ್ಕಿದ್ದಂತೆ ಹಗುರವಾದ ಹಾಗೆ ಆಯಿತು. ತಿರುಗಿ ನೋಡಿದರೆ ನೀಲಿ ಸೂಟ್‌ಕೇಸ್ ರಸ್ತೆ ಮೇಲೆ ಉರುಳುತ್ತಾ ಬಾಯಿ ತೆರೆದುಕೊಂಡಿತ್ತು. ಹಿಂದೆ ಒಂದು ಬೈಕ್ ಬರುತ್ತಿತ್ತು. ಗಂಡ ಹೆಂಡತಿ, ಸಣ್ಣ ವಯಸ್ಸು. ಅವನು ಪೆಟ್ಟಿಗೆ ತಪ್ಪಿಸಲು ಹ್ಯಾಂಡಲ್ ತಿರುಗಿಸಿದ, ಬಟ್ಟೆ ಚಕ್ರಕ್ಕೆ ಸಿಕ್ಕಿತು, ಇಬ್ಬರೂ ಬಿದ್ದರು. ಅವನ ಮಣಿಕಟ್ಟು ಮುರಿದಿತ್ತು. ಹಿಂದೆ ಲಾರಿ ಇರಲಿಲ್ಲ. ಇದ್ದಿದ್ದರೆ ಅಂತ ಈಗಲೂ ಯೋಚನೆ ಬಂದರೆ ನನಗೆ ನಿದ್ದೆ ಬರುವುದಿಲ್ಲ.

ನಾವು ಓಡಿ ಹೋದೆವು. ಆ ಹುಡುಗಿಯ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಅವಳು ನಮಗೆ ಒಂದು ಮಾತೂ ಬೈಯಲಿಲ್ಲ. ರಸ್ತೆಯಲ್ಲಿ ಬಿದ್ದಿದ್ದ ನಮ್ಮ ಮಕ್ಕಳ ಸ್ವೆಟರ್ ಎತ್ತಿ, ಮಣ್ಣು ಕೊಡವಿ, ನನ್ನ ಕೈಗೆ ಕೊಟ್ಟಳು. ಆಮೇಲೆ ಅವರಿಬ್ಬರನ್ನು ನಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಿನ್ನ ಅಪ್ಪ ಮತ್ತು ನಾನು ಕೆಳಗಿಳಿದು, ಸಾಮಾನು ಕಾಯುತ್ತಾ ಕತ್ತಲಾಗುವ ತನಕ ರಸ್ತೆ ಬದಿಯಲ್ಲಿ ನಿಂತಿದ್ದೆವು. ಬೇಕಾದರೆ ಅವನನ್ನೇ ಕೇಳು.

ಅದಕ್ಕೇ ಮತ್ತೆ ಹೇಳುತ್ತೇನೆ, ಮುಂಭಾಗ ಕಟ್ಟದೆ ಹೊರಡಬೇಡಿ. ಭಾರ ಇದ್ದರೆ ತಾನೇ ಕೂತಿರುತ್ತದೆ ಅನ್ನುವುದು ಸುಳ್ಳು. ಗಾಳಿ ಮುಂದಿನಿಂದ ಹೊಡೆಯುವಾಗ ಸಾಮಾನನ್ನು ಹಿಂದಕ್ಕೆ ತಳ್ಳುತ್ತದೆ, ಅಡಿಗೆ ನುಗ್ಗಿ ಮೇಲಕ್ಕೂ ಎತ್ತುತ್ತದೆ. ಸ್ಪೀಡು ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. 50ರಲ್ಲಿ ಅಲುಗಾಡದೆ ಕೂತಿದ್ದ ಪೆಟ್ಟಿಗೆ 100ರಲ್ಲಿ ಎದ್ದು ಹೋಗುವುದು ಅದಕ್ಕೇ. ಊರೊಳಗೆ ಏನೂ ಆಗಲಿಲ್ಲವಲ್ಲ ಅಂತ ಹೆದ್ದಾರಿಯಲ್ಲಿ ಧೈರ್ಯ ಮಾಡಬಾರದು.

ಇನ್ನು ಆ ಸೂಟ್‌ಕೇಸ್ ವಿಷಯ. ಇದನ್ನು ಇವತ್ತು ಹೇಳಿಯೇ ಬಿಡುತ್ತೇನೆ, ಎಲ್ಲರೂ ಗ್ರೂಪಿನಲ್ಲಿ ಇದ್ದೀರಿ. ನಮ್ಮ ಮನೆಯಲ್ಲಿ ಯಾವ ಸಮಾರಂಭ ನಡೆಯಲಿ, ಈ ಕಥೆ ಬರುತ್ತದೆ. "ಸಾವಿತ್ರಿ ಪೆಟ್ಟಿಗೆ ಹಾರಿದ ಕಥೆ" ಅಂತಲೇ ಅದಕ್ಕೆ ಹೆಸರು. ಅವಳು ಅಷ್ಟೊಂದು ತುಂಬಿದ್ದಳು, ಅದಕ್ಕೇ ಹಗ್ಗ ಕಿತ್ತುಕೊಂಡಿತು ಅಂತ. ಅದರಲ್ಲಿ ನನ್ನದು ಏನಿತ್ತು ಅಂತ ಒಬ್ಬರಾದರೂ ಕೇಳಿದ್ದೀರಾ? ನನ್ನ ಬಟ್ಟೆ ಒಂದು ಮೂಲೆಯಲ್ಲಿತ್ತು. ಉಳಿದದ್ದು ಮಕ್ಕಳ ಸ್ವೆಟರ್, ಭಾವನವರ ಎರಡು ಜೊತೆ ಬೂಟು, ಅಕ್ಕನ ಇಸ್ತ್ರಿಪೆಟ್ಟಿಗೆ. ಹೊರಡುವ ಬೆಳಿಗ್ಗೆ ಒಬ್ಬೊಬ್ಬರಾಗಿ ಬಂದು, ನಿನ್ನದರಲ್ಲಿ ಜಾಗ ಇದೆ ಅಲ್ವಾ, ಇದೊಂದು ಇಟ್ಟುಕೋ ಅಂದವರು ನೀವೇ. ಬೂಟು ಹಾಕಿಕೊಂಡು ರಜಕ್ಕೆ ಹೋಗುವವರು ಬೂಟು ತಮ್ಮ ಚೀಲದಲ್ಲಿ ಇಟ್ಟುಕೊಳ್ಳಬೇಕಪ್ಪ.

ನಮ್ಮ ಮನೆಯಲ್ಲಿ ಮಾತ್ರ ಅಲ್ಲ, ಎಲ್ಲ ಕಡೆಯೂ ಹೀಗೇ ನಡೆಯುತ್ತದೆ. ಸಾಮಾನು ಜಾಸ್ತಿಯಾದರೆ ತುಂಬಿದವರ ಮೇಲೆ ಹೇಳುತ್ತಾರೆ. ಹೋದ ಕಡೆ ಟವೆಲ್ ಎಲ್ಲಿ, ಮಾತ್ರೆ ಎಲ್ಲಿ, ಚಾರ್ಜರ್ ಎಲ್ಲಿ ಅಂತ ಕೇಳುವಾಗ ಅದೇ ತುಂಬಿದವರು ಬೇಕು. ನಾನು ನಿಲ್ಲಿಸಿ ಅಂದಾಗ ನಿಲ್ಲಿಸಿದ್ದರೆ ಆ ಹುಡುಗನ ಕೈ ಉಳಿಯುತ್ತಿತ್ತು. ಆ ಮಾತು ಯಾವ ಸಮಾರಂಭದಲ್ಲೂ ಬಂದಿಲ್ಲ. ಆ ಹುಡುಗಿಯ ವಿಷಯವೂ ಬಂದಿಲ್ಲ. ಬರೀ ಪೆಟ್ಟಿಗೆ, ಪೆಟ್ಟಿಗೆ. ಭಾವನವರು ಈಗಿಲ್ಲ, ಅವರ ಮೇಲೆ ನನಗೆ ಗೌರವ ಇದೆ. ಆದರೆ ಮುಂದಿನ ಸಲ ಈ ಕಥೆ ಹೇಳುವವರು ಪೂರ್ತಿಯಾಗಿ ಹೇಳಿ.

ರಶ್ಮಿ, ನೀನು ಕೇಳಿದ್ದು ಕಟ್ಟಬಹುದಾ ಅಂತ. ಅದನ್ನು ಹೇಳದೆ ಎಲ್ಲಿಗೋ ಹೋದೆ ನೋಡು.

ಕಟ್ಟಬಹುದು. ಮೊದಲು ಕಾರಿನ ಜೊತೆ ಬಂದ ಪುಸ್ತಕ ತೆಗೆದು, ಮೇಲೆ ಎಷ್ಟು ತೂಕ ಇಡಬಹುದು ಅಂತ ನೋಡಿ. ಹೆಚ್ಚಿನ ಕಾರುಗಳಲ್ಲಿ 50ರಿಂದ 100 ಕಿಲೋ ಒಳಗೆ ಇರುತ್ತದೆ. ಕೆಲವು ಕಾರಿಗೆ ಮೇಲೆ ಏನನ್ನೂ ಇಡಲೇಬೇಡಿ ಅಂತಲೂ ಇರುತ್ತದೆ. ಕ್ಯಾರಿಯರಿನ ತೂಕವೂ ಅದರಲ್ಲೇ ಸೇರುತ್ತದೆ, ಇದನ್ನು ಎಲ್ಲರೂ ಮರೆಯುತ್ತಾರೆ. ಮಿತಿ 50 ಇದ್ದು, 20 ಕಿಲೋದ ಎರಡು ಸೂಟ್‌ಕೇಸ್ ಇಟ್ಟರೆ ಕ್ಯಾರಿಯರಿಗೆ ಉಳಿಯುವುದು ಹತ್ತೇ ಕಿಲೋ. ಇಡೀ ಕಾರು ಹೊರುವ ತೂಕಕ್ಕೂ ಬೇರೆ ಮಿತಿ ಇದೆ. ಅದರಲ್ಲಿ ನೀವು ಆರು ಜನರೂ ಸೇರುತ್ತೀರಿ.

ಕಿರಣ ಹೇಳುವ ಹಾಗೆ ಬರೀ ಕಾರಿನ ತಗಡಿನ ಮೇಲೆ ಇಟ್ಟು, ಕಿಟಕಿಯೊಳಗಿಂದ ಹಗ್ಗ ತೂರಿಸಿ ಕಟ್ಟುವುದು ಬೇಡವೇ ಬೇಡ. ಎಷ್ಟೋ ಕಾರುಗಳಲ್ಲಿ ಕಿಟಕಿಯ ಮೇಲುಗಡೆ ಒಳಗೆ ಏರ್‌ಬ್ಯಾಗ್ ಇರುತ್ತದೆ. ಹಗ್ಗ ಅಡ್ಡ ಇದ್ದರೆ ಅದು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ಮಳೆ ಬಂದರೆ ಹಗ್ಗದ ಗುಂಟ ನೀರೂ ಒಳಗೆ ಬರುತ್ತದೆ. ನಿಮ್ಮ ಕಾರಿಗೆ ಹೊಂದುವ ಅಡ್ಡಪಟ್ಟಿ, ಅಂದರೆ ಕಾರಿನ ಮೇಲೆ ಅಡ್ಡಕ್ಕೆ ಕೂರಿಸುವ ಕ್ಯಾರಿಯರಿನ ಕಂಬಿ, ಹಾಕಿಸಿ, ಅದರ ಮೇಲೆ ಕಟ್ಟಿ.

ಕಟ್ಟಲು ನೈಲಾನ್ ಹಗ್ಗ ಬೇಡ. ಎರಡು ತುದಿಗೆ ಕೊಕ್ಕೆ ಇರುವ ರಬ್ಬರ್ ಹಗ್ಗವನ್ನೂ ನಂಬಬೇಡಿ. ಅದು ಎಳೆದಷ್ಟೂ ಹಿಗ್ಗುತ್ತದೆ, ಕೈ ಜಾರಿದರೆ ಕೊಕ್ಕೆ ಬಂದು ಕಣ್ಣಿಗೆ ಬಡಿಯುತ್ತದೆ. ಅಗಲವಾದ ಪಟ್ಟಿಯ ರಾಚೆಟ್ ಬೆಲ್ಟ್ ಸಿಗುತ್ತದಲ್ಲ, ಹಿಡಿಕೆ ಆಡಿಸಿ ಬಿಗಿಯುವುದು, ಅದನ್ನೇ ತನ್ನಿ. ಸೂಟ್‌ಕೇಸ್ ಪುಡಿಯಾಗುವಷ್ಟು ಬಿಗಿಯಬೇಡಿ. ಅಡ್ಡಕ್ಕೆ ಎರಡು ಬೆಲ್ಟ್, ಮುಂದಕ್ಕೆ ಒಂದು, ಹಿಂದಕ್ಕೆ ಒಂದು. ಮುಂದಿನದು ಗಾಳಿಗೆ, ಹಿಂದಿನದು ಬ್ರೇಕಿಗೆ. ಜೋರಾಗಿ ಬ್ರೇಕ್ ಹಾಕಿದಾಗ ಸಾಮಾನು ಬಾನೆಟ್ ಮೇಲೆ ಬರುವುದನ್ನು ಅದೇ ತಡೆಯಬೇಕು. ಬೆಲ್ಟಿನ ಉಳಿದ ತುದಿಯನ್ನು ಸುತ್ತಿ ಗಂಟು ಹಾಕಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ಗಾಜಿಗೆ ಬಡಿಯುತ್ತದೆ. ಟಾರ್ಪಾಲ್ ಹೊದಿಸುವುದಾದರೆ ಮುಂದಿನ ಅಂಚು ಪೆಟ್ಟಿಗೆಯ ಅಡಿಗೆ ಹೋಗಬೇಕು. ಗಾಳಿಗೆ ಎಲ್ಲೂ ಬಾಯಿ ಸಿಗಬಾರದು.

ಮೇಲೆ ಹಗುರವಾದದ್ದು ಮಾತ್ರ. ಬಟ್ಟೆ, ಹೊದಿಕೆ, ಮಗುವಿನ ಡೈಪರ್ ಪೊಟ್ಟಣ ಅಂಥದ್ದು. ಭಾರದ್ದೆಲ್ಲ ಡಿಕ್ಕಿಯ ತಳದಲ್ಲಿ, ಸೀಟಿನ ಬೆನ್ನಿಗೆ ಒತ್ತಿ ಇಡಿ. ಮೇಲೆ ಭಾರವಾದರೆ ತಿರುವಿನಲ್ಲಿ ಕಾರು ವಾಲುತ್ತದೆ, ಪಕ್ಕದಿಂದ ಗಾಳಿ ಬೀಸಿದರೆ ಎಳೆಯುತ್ತದೆ. ಡಿಕ್ಕಿಯಲ್ಲೂ ಸೀಟಿನ ಎತ್ತರ ದಾಟಿ ಪೇರಿಸಬೇಡಿ, ಬ್ರೇಕ್ ಹಾಕಿದರೆ ಮಗುವಿನ ತಲೆಗೆ ಬರುತ್ತದೆ. ಔಷಧಿ, ಕಾಗದಪತ್ರ, ದುಡ್ಡು ಕೈಚೀಲದಲ್ಲಿರಲಿ. ಟೈರಿಗೆ ತುಂಬಿದ ಕಾರಿನ ಲೆಕ್ಕಕ್ಕೆ ಗಾಳಿ ಹಾಕಿಸಿ. ಎಷ್ಟು ಅಂತ ಡ್ರೈವರ್ ಬಾಗಿಲಿನ ಹತ್ತಿರ ಚೀಟಿ ಅಂಟಿಸಿರುತ್ತಾರೆ, ಇಲ್ಲವೇ ಆ ಪುಸ್ತಕದಲ್ಲಿ ಇರುತ್ತದೆ.

ಹೊರಟು ಅರ್ಧ ಗಂಟೆಯೊಳಗೆ ಒಂದು ಸಲ ನಿಲ್ಲಿಸಿ ಎಲ್ಲ ಬೆಲ್ಟ್ ಎಳೆದು ನೋಡಿ. ಸಾಮಾನು ಅಲುಗಾಡಿ ಕೂತ ಮೇಲೆ ಬೆಲ್ಟ್ ಸಡಿಲವಾಗುತ್ತದೆ. ಆಮೇಲೆ ಕಾರು ನಿಂತಾಗಲೆಲ್ಲ ನೋಡಿ, ಮಳೆ ಬಂದು ನಿಂತ ಮೇಲಂತೂ ಖಂಡಿತ. ಹಿಂದೆ ಕೂತವರು ನಿಲ್ಲಿಸು ಅಂದರೆ ಕಿರಣ ತಕ್ಷಣ ನಿಲ್ಲಿಸಬೇಕು. ಸ್ಪೀಡು 80 ದಾಟಬೇಡಿ, ಪುಸ್ತಕದಲ್ಲೋ ಕ್ಯಾರಿಯರಿನ ಮೇಲೋ ಅದಕ್ಕಿಂತ ಕಡಿಮೆ ಹೇಳಿದ್ದರೆ ಅಷ್ಟೇ. ಸಾಮಾನು ಸಮೇತ ಕಾರಿನ ಎತ್ತರ ಅಳೆದು, ಚೀಟಿಯಲ್ಲಿ ಬರೆದು ಸ್ಟೇರಿಂಗ್ ಹತ್ತಿರ ಅಂಟಿಸಿ. ನೆಲಮಾಳಿಗೆ ಪಾರ್ಕಿಂಗಿಗೆ ಇಳಿಯುವಾಗ ಮೇಲೆ ಪೆಟ್ಟಿಗೆ ಇರುವುದು ಯಾರಿಗೂ ನೆನಪಿರುವುದಿಲ್ಲ.

ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಅದಕ್ಕೂ ತಯಾರಾಗಿರಿ. ಮೇಲೆ ದೊಡ್ಡ ಪೆಟ್ಟಿಗೆ ಇದ್ದರೆ 100 ದಾಟಿದ ವೇಗದಲ್ಲಿ ಮೈಲೇಜ್ ಶೇಕಡಾ 10ರಿಂದ 25ರಷ್ಟು ಇಳಿಯಬಹುದು ಅಂತ ಅಮೆರಿಕದ ಇಂಧನ ಇಲಾಖೆಯ ಲೆಕ್ಕ ಇದೆ. ಅದನ್ನೇ ಕಾರಿನ ಹಿಂದುಗಡೆ ಕಟ್ಟಿದರೆ ಹೆದ್ದಾರಿಯಲ್ಲಿ 1ರಿಂದ 5 ಅಷ್ಟೇ. ಹಿಂದೆ ಕಟ್ಟುವ ಕ್ಯಾರಿಯರ್ ಸಿಕ್ಕರೆ ಅದನ್ನೂ ಯೋಚಿಸಿ. ಆದರೆ ನಂಬರ್ ಪ್ಲೇಟ್, ಲೈಟು ಮುಚ್ಚಬಾರದು, ಸೈಲೆನ್ಸರ್ ಬಿಸಿ ಸಾಮಾನಿಗೆ ತಾಗಬಾರದು.

ಇಷ್ಟೆಲ್ಲ ಬೇಕಾ ಅನಿಸಿದರೆ, ಎರಡು ಸೂಟ್‌ಕೇಸಿನಲ್ಲಿ ಇರುವುದನ್ನು ಇವತ್ತು ರಾತ್ರಿ ಮಂಚದ ಮೇಲೆ ಸುರಿದು ನೋಡು. ಒಂದು ಸೂಟ್‌ಕೇಸಿನಷ್ಟು ಮನೆಯಲ್ಲೇ ಉಳಿಯುತ್ತದೆ. ಸೂಟ್‌ಕೇಸ್ ಬಿಟ್ಟು ಮೆತ್ತನೆಯ ಚೀಲಕ್ಕೆ ತುಂಬಿದರೆ ಸೀಟಿನ ಕೆಳಗೂ ಹೋಗುತ್ತದೆ. ಕಾರಿನ ಪುಸ್ತಕದಲ್ಲಿ ಆ ತೂಕದ ಪುಟ ಸಿಕ್ಕಿದ ತಕ್ಷಣ ಫೋಟೋ ತೆಗೆದು ಇಲ್ಲಿ ಹಾಕು, ಕಿರಣ ಬೆಲ್ಟ್ ಕೊಳ್ಳುವ ಮುಂಚೆಯೇ. ನಿನ್ನ ದೊಡ್ಡಪ್ಪ ನೋಡಿ ಹೇಳುತ್ತಾರೆ.