ಪದ ಬೇಕು: ಒಡಿಸ್ಸಿಯಸ್ 'ವಾಪಸ್ ಬಂದದ್ದಕ್ಕೆ' ಏನನ್ನೋಣ?

ನಮಸ್ಕಾರ. ಸ್ವಲ್ಪ ಅರ್ಜೆಂಟು. ಕಾಲೇಜಿನ ಪ್ರದರ್ಶನಕ್ಕೆ ಹೋಮರನ ಗ್ರೀಕ್ ಮಹಾಕಾವ್ಯ ಒಡಿಸ್ಸಿ (ಟ್ರಾಯ್ ಯುದ್ಧ ಮುಗಿಸಿ ಊರಿಗೆ ಹೊರಟ ಒಡಿಸ್ಸಿಯಸ್‌ನ ಕತೆ) ಬಗ್ಗೆ ಒಂದು ಫ್ಲೆಕ್ಸ್ ಬರೆಯುತ್ತಿದ್ದೇನೆ. ನಾಳೆ ಮಧ್ಯಾಹ್ನ ಪ್ರಿಂಟಿಗೆ ಹೋಗಬೇಕು. ತಲೆಬರಹ 'ವೀರನ ಅನ್ವೇಷಣೆ'. ಕೆಳಗೆ ಪುರಾಣ ವಿದ್ವಾಂಸ ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ವೀರರ ಕತೆಗಳಿಗೆ ಹೇಳಿದ ಮೂರು ಹಂತ: ನಿರ್ಗಮನ, ದೀಕ್ಷೆ, ಪುನರಾಗಮನ. ಮೂರನೆಯದಕ್ಕೆ ಗ್ರೀಕಿನಲ್ಲಿ 'ನೋಸ್ತೋಸ್' ಅಂತಾರೆ. 'ಪುನರಾಗಮನ' ಯಾಕೋ ಹೊಂದುತ್ತಿಲ್ಲ. ಬೇರೆ ಪದ ಇದೆಯಾ?

---

> ಪುನರಾಗಮನ

ಗಣಪನನ್ನು ನೀರಿಗೆ ಬಿಡುವಾಗ 'ಪುನರಾಗಮನಾಯ ಚ' ಅಂತಾರಲ್ಲ, ಅದು. ಮತ್ತೆ ಬಾ ಅಂತ ಕಳಿಸುವ ಮಾತು. 'ಮರಳಿಕೆ' ಅನ್ನಿ, ಮುಗೀತು. ಎಲ್ಲಕ್ಕೂ ಸಂಸ್ಕೃತದ ಹಂಗು ಯಾಕೆ? 'ದೀಕ್ಷೆ'ಯನ್ನೂ ಕಿತ್ತುಹಾಕಿ. ಅವನೇನು ಮಠ ಸೇರಿದನಾ?

---

ಹುಡುಗರು 'ಮರಳಿಕೆ' ನೋಡಿ ಎಂ-ಸ್ಯಾಂಡ್ ಜಾಹೀರಾತು ಅಂದ್ಕೋತಾರೆ.

---

ಸುಮ್ನೆ ತಮಾಷೆ ಬೇಡ. ಆ ಮರಳಿಗೆ ಹಳಗನ್ನಡದಲ್ಲಿ 'ಮಳಲ್'. ಅದೂ 'ಹಿಂದಿರುಗು' ಅನ್ನೋ ಮರಳೂ ಬೇರೆ ಬೇರೆ ಪದ, ಈಗ ರೂಪ ಒಂದಾಗಿದೆ ಅಷ್ಟೇ. ನಮ್ಮ ಹುಬ್ಬಳ್ಳಿ ಕಡೆ ಉಸುಕು ಅಂತೇವೆ, ಗೊಂದಲವೇ ಇಲ್ಲ. ಅಂದಹಾಗೆ ಫಿಯೇಷಿಯಾ ನಾಡಿನವರು ಒಡಿಸ್ಸಿಯಸ್‌ನನ್ನು ನಿದ್ದೆಯಲ್ಲೇ ತಂದು ಅವನ ಊರು ಇಥಾಕಾದ ಮರಳ ಮೇಲೆ ಮಲಗಿಸಿ ಹೋಗುತ್ತಾರೆ. ಮರಳಿದ್ದು ಮರಳಿಗೇ!

---

> ವೀರನ ಅನ್ವೇಷಣೆ

ಮೂರನೆಯ ಹಂತ ಇರಲಿ, ತಲೆಬರಹವೇ ತಪ್ಪು. ಅವನು ಏನು ಹುಡುಕುತ್ತಿದ್ದಾನೆ? ಚಿನ್ನದ ಉಣ್ಣೆ ಹುಡುಕಿ ಹೊರಟವನು ಇನ್ನೊಂದು ಗ್ರೀಕ್ ಕತೆಯ ಜೇಸನ್. ಇವನಿಗೆ ಬೇಕಾದದ್ದು ಮನೆ. ಅದು ಎಲ್ಲಿದೆ ಅಂತ ಗೊತ್ತು, ಹೋಗೋಕೆ ಆಗುತ್ತಿಲ್ಲ. ನಿಮ್ಮ 'ನಿರ್ಗಮನ'ವೂ ಕಾವ್ಯದಲ್ಲಿಲ್ಲ. ಟ್ರಾಯ್‌ಗೆ ಹೊರಟ 20ನೇ ವರ್ಷಕ್ಕೆ ಕತೆ ಶುರು. ಮೊದಲ 4 ಸಂಧಿ ಮಗ ಟೆಲಿಮಾಕಸ್‌ನದು. ಅಪ್ಪನ ಸುದ್ದಿ ಹುಡುಕಿ ಹೊರಡುವವನು ಅವನು, ಅನ್ವೇಷಣೆ ಬೇಕೇ ಬೇಕು ಅಂದ್ರೆ ಅವನಿಗೆ ಕೊಡಿ. ಅಪ್ಪ ಕಾಣಿಸೋದು 5ರಲ್ಲಿ, ಅವನನ್ನು ಹಿಡಿದಿಟ್ಟುಕೊಂಡ ಕಲಿಪ್ಸೋ ದೇವತೆಯ ದ್ವೀಪದ ದಡದಲ್ಲಿ ಅಳುತ್ತಾ ಕೂತು. 13ಕ್ಕೆಲ್ಲ ಊರಿಗೆ ಬಂದಾಯ್ತು. ಇರೋದು 24 ಸಂಧಿ, ಉಳಿದ ಅರ್ಧ ಊರಲ್ಲೇ ನಡೆಯುತ್ತೆ. ಭಿಕ್ಷುಕನ ವೇಷ. ಕಾಲು ತೊಳೆಯುವ ಮುದುಕಿ ದಾದಿ ಮೊಣಕಾಲ ಮೇಲಿನ ಹಳೇ ಕಲೆ ತಡವಿ ಗುರುತು ಹಿಡಿಯುತ್ತಾಳೆ. ಹೆಂಡತಿ ಅಷ್ಟಕ್ಕೂ ನಂಬದೆ ಹೊರಗಿನವರಿಗೆ ಗೊತ್ತಿಲ್ಲದ ತಮ್ಮ ಮಂಚದ ಗುಟ್ಟಿನಲ್ಲಿ ಪರೀಕ್ಷೆ ಮಾಡುತ್ತಾಳೆ. ಮೂರು ಹಂತದ ಅಚ್ಚಿಗೆ ಇದನ್ನು ಒತ್ತಿದರೆ ಒಳ್ಳೇ ಭಾಗವೆಲ್ಲ ಹೊರಗೆ ಚೆಲ್ಲುತ್ತೆ.

'ಮರಳಿಕೆ'ಯೂ ಸಾಲದು. ಬಿರುಗಾಳಿಗಳನ್ನು ಕಟ್ಟಿಟ್ಟ ಚೀಲದ ಪ್ರಸಂಗ ನೆನಪಿಸಿಕೊಳ್ಳಿ. ಊರಿನವರು ಹಾಕಿದ ಬೆಂಕಿ ಕಾಣುವಷ್ಟು ಹತ್ತಿರ ಬಂದಿದ್ದರು. ಇವನಿಗೆ ನಿದ್ದೆ ಹತ್ತಿತು, ಜೊತೆಯವರು ಚೀಲ ಬಿಚ್ಚಿದರು, ಹಡಗುಗಳು ಹೊರಟಲ್ಲಿಗೇ ವಾಪಸ್. ಮರಳಿದ, ಸೇರಲಿಲ್ಲ. ನೋಸ್ತೋಸ್‌ನಲ್ಲಿ ಜೀವ ಉಳಿಸಿಕೊಂಡು ತಲುಪೋದೂ ಇದೆ. ಬಸ್ ಹತ್ತಿಸಿದವರಿಗೆ ಫೋನ್ ಮಾಡಿ 'ಊರು ಸೇರಿದ್ಯಾ?' ಅಂತೀವಲ್ಲ, ಆ 'ಸೇರು'.

---

'ಸೇರು' ಅಚ್ಚಗನ್ನಡ. ನನ್ನ ಅಭ್ಯಂತರವಿಲ್ಲ.

---

'ಅಭ್ಯಂತರ' ಯಾವ ಊರಿನ ಅಚ್ಚಗನ್ನಡ ಸ್ವಾಮಿ?

---

ರೂಢಿಗೆ ಬಂದದ್ದು ಬೇರೆ, ಹೊಸದಾಗಿ ಹೊತ್ತು ತರೋದು ಬೇರೆ. ಮೊದಲು 'ಫ್ಲೆಕ್ಸ್'ಗೆ ಕನ್ನಡ ಹುಡುಕಿ, ಆಮೇಲೆ ನನ್ನನ್ನು ತಿದ್ದಿ.

---

ಎಲ್ಲರಿಗೂ ಥ್ಯಾಂಕ್ಸ್. ಜಗಳ ಮುಂದುವರಿಸಿ, ನನ್ನದು ಪ್ರಿಂಟಿಗೆ ಹೋಯ್ತು. ಮೂರು ಹಂತ ಕೈಬಿಟ್ಟು, ಮಂಚದ ಕತೆ ಹಾಕಿದೆ. ತಲೆಬರಹ 'ಊರು ಸೇರಿದ್ದು'. ಅಂಗಡಿ ಹುಡುಗ ನೋಡಿ, 'ಯಾವ ಊರು ಅಂತ ಹಾಕಲ್ವಾ ಸಾರ್?' ಅಂದ. ಇಥಾಕಾ ಸೇರಿಸಿದೆ.