ಎಜೆಕ್ಷನ್ ಸೀಟ್ ಮಾಡೆಲ್: ಡ್ರೋಗ್ ಕಟ್ಟಿದರೂ ತೂಗಾಟ ನಿಲ್ಲುತ್ತಿಲ್ಲ

ಕುಂಬಳೆ_ಗಾಳಿ:
ಎಜೆಕ್ಷನ್ ಸೀಟ್ (ಅಪಾಯದಲ್ಲಿ ಪೈಲಟನ್ನು ವಿಮಾನದಿಂದ ಹೊರಗೆಸೆಯುವ ಆಸನ) ಮಾಡೆಲನ್ನು ಗಾಳಿ ಸುರಂಗದಲ್ಲಿ ಇಟ್ಟು ನೋಡುತ್ತಿದ್ದೇನೆ. ಟನೆಲ್ 30×30 ಸೆಂ.ಮೀ., ಉದ್ದ 90. ಗಾಳಿ ಸೆಕೆಂಡಿಗೆ 25 ಮೀಟರ್. ಮಾಡೆಲ್ 1/12 ಅಳತೆ, ಎದುರು ವಿಸ್ತೀರ್ಣ 45 ಚದರ ಸೆಂ.ಮೀ. ಗುರುತ್ವಕೇಂದ್ರದಲ್ಲಿ ನೆಟ್ಟ ಸೂಜಿಯ ಮೇಲೆ ಎಡಬಲಕ್ಕೆ ತಿರುಗುತ್ತದೆ. ಡ್ರೋಗ್ (ಸೀಟನ್ನು ನೇರ ನಿಲ್ಲಿಸಲು ಹಿಂದೆ ಕಟ್ಟುವ ಪುಟ್ಟ ಪ್ಯಾರಾಚೂಟ್) ಇಲ್ಲದೆ ಗಿರ್ರನೆ ಸುತ್ತುತ್ತದೆ, ಅದೇನೋ ಸರಿ. 8 ಸೆಂ.ಮೀ. ಡ್ರೋಗ್ ಕಟ್ಟಿದ ಮೇಲೂ ±20 ಡಿಗ್ರಿ ತೂಗುತ್ತಿದೆ. ದಾರ 15 ಸೆಂ.ಮೀ., ಬಟ್ಟೆ ಹಳೆ ಕೊಡೆಯದ್ದು.

ಪೆರ್ಲ_ಲೇತ್:
ದಾರ ಗಿಡ್ಡವಾಯಿತು. 45 ಚದರ ಸೆಂ.ಮೀ. ಅಂದರೆ ಸುಮಾರು 7.5 ಸೆಂ.ಮೀ. ವ್ಯಾಸದ ತಟ್ಟೆ ಇದ್ದ ಹಾಗೆ. ಡ್ರೋಗ್ ಅದರ ಎರಡೇ ಪಟ್ಟು ಹಿಂದೆ, ಸೀಟಿನ ಬೆನ್ನ ಹಿಂದಿನ ಸತ್ತ ಗಾಳಿಯಲ್ಲೇ ಕೂತಿದೆ. ಆರು ಪಟ್ಟಾದರೂ ಬೇಕು, 45 ಸೆಂ.ಮೀ. ಮಾಡೆಲನ್ನು ಬಾಯಿಯಿಂದ 25ಕ್ಕೆ ನಿಲ್ಲಿಸಿದರೆ ಜಾಗ ಸಾಕು.

ಹೊಸಂಗಡಿ_07:
ದಾರದ್ದು ನಿಜ, ಆದರೆ ನನ್ನ ಗುಮಾನಿ ಬಟ್ಟೆಯ ಮೇಲೆ. ನಮ್ಮಲ್ಲಿ ಹಳೆ ಕೊಡೆಗೆ ಬರವಿಲ್ಲ, ಡ್ರೋಗಿಗೆ ಮಾತ್ರ ಅದು ಆಗದು. ಗಾಳಿ ಸೋರದ ಬಟ್ಟೆ ಒಂದೊಂದು ಸಲ ಒಂದೊಂದು ಅಂಚಿನಿಂದ ಗಾಳಿ ಚೆಲ್ಲುತ್ತದೆ, ಆಗ ಡ್ರೋಗೇ ಸೀಟನ್ನು ಆಚೀಚೆ ಎಳೆಯುತ್ತದೆ. ಮೊದಲು ಮಾಡೆಲ್ ತೆಗೆದು, ಅಡ್ಡ ಬಿಗಿದ ತೆಳು ತಂತಿಗೆ ಡ್ರೋಗ್ ಒಂದನ್ನೇ ಕಟ್ಟಿ ನೋಡಿ. ಅಲ್ಲೂ ತೂಗಿದರೆ ತಪ್ಪು ಬಟ್ಟೆಯದ್ದು.

ಆಗ ಸೋಲ್ಡರಿಂಗ್ ಐರನ್ ತುದಿಯಿಂದ ವೃತ್ತಾಕಾರದ ಸೀಳು ಕೊಡಿ: 6 ಮಿ.ಮೀ. ಅಗಲ ಬಟ್ಟೆ ಬಿಟ್ಟು 1.5 ಮಿ.ಮೀ. ಸೀಳು, ಹೀಗೇ ಸಾಲಾಗಿ; ನೆತ್ತಿಯಲ್ಲಿ 1 ಸೆಂ.ಮೀ. ತೂತು. ದಾರ ಹೊಲಿದ ಗೆರೆಗಳಲ್ಲಿ ಸೀಳಬೇಡಿ. ಕತ್ತರಿ ಬೇಡ, ಅಂಚು ಎಳೆ ಬಿಡುತ್ತದೆ. ಸುಮಾರು 20% ತೆರಪು ಬರುತ್ತದೆ. ನಿಜವಾದ ರಿಬ್ಬನ್ ಪ್ಯಾರಾಚೂಟ್ (ನಡುವೆ ತೆರಪು ಬಿಟ್ಟ ಪಟ್ಟಿಗಳದ್ದು) ±3 ಡಿಗ್ರಿಯೊಳಗೆ ನಿಲ್ಲುವುದು ಇದೇ ಕಾರಣಕ್ಕೆ.

ಕುಂಬಳೆ_ಗಾಳಿ:
ತಂತಿಗೆ ಕಟ್ಟಿದರೂ ತೂಗಿತು. ಸೀಳಿ, ದಾರ 45 ಮಾಡಿದೆ. ಈಗ ±6. ಆದರೆ ಕೈಯಿಂದ 25 ಡಿಗ್ರಿ ತಿರುಗಿಸಿ ಬಿಟ್ಟರೆ ಮರಳುವುದು ಬಹಳ ನಿಧಾನ.

ಪೆರ್ಲ_ಲೇತ್:
ಸೀಟಿಗೆ ಎಲ್ಲಿ ಕಟ್ಟಿದ್ದೀರಿ?

ಕುಂಬಳೆ_ಗಾಳಿ:
ಬೆನ್ನಿನ ಎರಡು ಮೂಲೆಗೆ, ನಡುವೆ 4 ಸೆಂ.ಮೀ. ಕವಲು ದಾರ ತಲಾ 6 ಸೆಂ.ಮೀ.

ಪೆರ್ಲ_ಲೇತ್:
ಅಲ್ಲೇ ಸಿಕ್ಕಿತು. ಆ ಕವಲಿನ ಅರ್ಧಕೋನ 19 ಡಿಗ್ರಿ ಚಿಲ್ಲರೆ. ಅದು ದಾಟಿದೊಡನೆ ಒಂದು ಕವಲು ಸಡಿಲ, ಎಳೆತವೆಲ್ಲ ಇನ್ನೊಂದು ಮೂಲೆಗೆ, ಮರಳಿಸುವ ಬಲ ಆಮೇಲೆ ಮೊದಲಿನ ಹಾಗೆ ಏರುವುದಿಲ್ಲ. ಕಟ್ಟುವ ಜಾಗಗಳ ಅಂತರವನ್ನು 5 ಸೆಂ.ಮೀ.ಗೆ ಏರಿಸಿದರೆ ಸುಮಾರು 25 ಡಿಗ್ರಿವರೆಗೆ ಎರಡೂ ಬಿಗಿ. ಕವಲನ್ನು ಮಾತ್ರ ಗಿಡ್ಡ ಮಾಡಬೇಡಿ, ಸನ್ನೆಯ ತೋಳು ಗಿಡ್ಡವಾಗಿ ಮರಳಿಸುವ ಬಲ ಇನ್ನೂ ಇಳಿಯುತ್ತದೆ.

ಹೊಸಂಗಡಿ_07:
ಕವಲು ಸೇರುವಲ್ಲಿ ಗಾಳದ ಅಂಗಡಿಯ ಚಿಕ್ಕ ಸ್ವಿವೆಲ್ (ತಿರುಗುವ ಕೊಂಡಿ) ಹಾಕಿ, ಇಲ್ಲದಿದ್ದರೆ ಡ್ರೋಗ್ ಸುತ್ತಿ ದಾರ ಹುರಿಗಟ್ಟುತ್ತದೆ. ಮತ್ತೆ, ಮಾಡೆಲಿನ ಎದುರು ಮಾನೋಮೀಟರ್ (ಒತ್ತಡಮಾಪಕ) 37 ಮಿ.ಮೀ. ನೀರು ತೋರಿಸುತ್ತಿದೆಯೇ ನೋಡಿ, 25 ಮೀಟರ್ ಗಾಳಿಗೆ ಸುಮಾರು ಅಷ್ಟು ಬರಬೇಕು. ಮಾಡೆಲ್ ಒಂದೇ ಟನೆಲಿನ 5% ಮುಚ್ಚಿದೆ, ಡ್ರೋಗ್ ಇನ್ನೂ ಸುಮಾರು 5%. ತೂಗಾಟ ನೋಡಲು ಅಡ್ಡಿಯಿಲ್ಲ, ಡ್ರ್ಯಾಗ್ (ಗಾಳಿಯ ಎಳೆತ) ಅಂಕಿಯನ್ನು ಮಾತ್ರ ತಿದ್ದದೆ ವರದಿಗೆ ಹಾಕಬೇಡಿ.